ಫೋನ ನೋಡಿದಾಕಿ ಆಕಿ, ಮಾಡಿದಾಕಿ ನಾನು

ನಮ್ಮ ಮನಿ ಮುಂದಿನ ಕಟ್ಟಿ ಮ್ಯಾಲೆ ಕೂತ್ರ ರಸ್ತಾದಾಗ ಹೋಗೋರು ಬರೋರು ಎಲ್ಲಾರೂ ಕಾಣ್ತಾರ. ಸಂಜಿಮುಂದ ಮೆಂತ್ಯಾ ಪಲ್ಯ ಸೋಸಕೋತ ಅಲ್ಲಿ ಕೂಡೂದು ನನಗ ಭಾಳ ವರ್ಷದ ರೂಢಿ. ಮೊದಲೆಲ್ಲಾ ಹಾದು ಹೋಗೋ ಮಂದಿ ತಲಿ ಎತ್ತಿ, "ಏನ್ರಿ ವೈನಿ, ರಾತ್ರಿಗೆ ಏನ ಅಡಗಿ?" ಅಂತ ಮಾತಾಡಿಸಿನ ಹೋಗ್ತಿದ್ರು. ಈಗ ಹತ್ತು ಮಂದಿ ಹೋದ್ರ ಆರು ಮಂದಿದು ಬರೇ ನೆತ್ತಿ ಕಾಣ್ತದ. ಮಾರಿ ಕಾಣಂಗಿಲ್ಲ. ಎಲ್ಲಾರ ಮಾರಿನೂ ಅಂಗೈಯೊಳಗ ಹೋಗಿ ಕೂತದ.

ನಾ ಕೂತಲ್ಲಿಂದನ ಎಷ್ಟೋ ನೋಡೀನಿ. ಒಬ್ಬ ಹುಡುಗ ನಿಂತ ನೀರಿನ ಟ್ಯಾಂಕರಿಗೆ ಹೋಗಿ ಡಿಕ್ಕಿ ಹೊಡದು, ಅದಕ್ಕ "ಸಾರಿ" ಅಂತ ಹೇಳಿ ಮುಂದ ಹೋದ. ಒಬ್ಬಾಕಿ ಕಾಲೇಜ ಹುಡುಗಿ ಸಗಣಿ ತುಳದ್ರೂ ತಿಳೀಲಿಲ್ಲ, ಹಂಗ ನಕ್ಕೋತ ಹೋದ್ಲು. ಬರೇ ಹುಡುಗೂರು ಅಂತ ತಿಳೀಬ್ಯಾಡ್ರಿ. ನಮ್ಮ ಓಣಿ ಕಡೀಮನಿ ಕಾಕಾ, ಎಪ್ಪತ್ತು ದಾಟಿದವರು, ಮುಂಜಾನೆ ವಾಕಿಂಗ ಹೋದಾಗ 'ಶುಭೋದಯ' ಫಾರ್ವರ್ಡ ಮಾಡಕೋತ ಮಾಡಕೋತ ಗಟಾರದ ಕಲ್ಲು ಸರದಿದ್ದು ಕಾಣದ ಮೊಣಕಾಲ ತನಕ ಇಳದು ಬಿಟ್ಟಿದ್ರು. ಎಲ್ಲಾರೂ ಸೇರಿ ಎತ್ತಿದ್ವಿ. ಎದ್ದ ಕೂಡ್ಲೆ ಅವರು ಮೊದಲ ಕೇಳಿದ್ದು, "ನನ್ನ ಫೋನ ಎಲ್ಲಿ ಬಿತ್ತು?"

ಇಂಥಾವು ನೋಡಿ ನಾ ಭಾಳ ಬೈತಿದ್ದೆ. "ಕಣ್ಣ ಇದ್ದೂ ಕುರುಡ ಆಗ್ಯಾರ, ಬುದ್ಧಿ ಅನ್ನೂದ ಇಲ್ಲ ಇವರಿಗೆ" ಅಂತ ಮನ್ಯಾಗ ದಿನಾ ಒಂದು ಸಲ ಅನ್ನಲಿಲ್ಲಂದ್ರ ನನಗ ಸಮಾಧಾನ ಇರ್ತಿರಲಿಲ್ಲ. ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನ ಹೋಗಿ ಬಾನಿಯೊಳಗ ಬಿತ್ತು ಅಂತಾರಲ್ಲ, ನಂದೂ ಹಂಗ ಆತು. ಅದನ್ನ ಹೇಳಬೇಕಂತನ ಇವತ್ತು ಬರೀಲಿಕ್ಕೆ ಕೂತೀನಿ.

ನನ್ನ ಮಗಳು ಹುಬ್ಬಳ್ಳಿಯೊಳಗ ಕೆಲಸಾ ಮಾಡ್ತಾಳ. ಧಾರವಾಡದಿಂದ ದಿನಾ ಚಿಗರಿ ಬಸ್ಸಿನ್ಯಾಗ ಹೋಗಿ ಬರ್ತಾಳ. 2018ರಾಗ ಆ ಬಸ್ಸು ಸುರು ಆದಾಗ ಎಲ್ಲಾರಕಿಂತ ಹೆಚ್ಚು ಖುಷಿಪಟ್ಟಾಕಿ ನಾನ. ಎಸಿ ಬಸ್ಸು, ಅದಕ್ಕಂತನ ಬ್ಯಾರೆ ಹಾದಿ, ಮಗಳು ಲಗೂನ ಮನಿಗೆ ಬರ್ತಾಳ ಅಂತ. ಆ ಬಸ್ಸಿನ ನಿಲ್ದಾಣ ಎಲ್ಲಾ ರಸ್ತಾದ ನಡುವ ಇರ್ತಾವ. ಇಳದ ಮ್ಯಾಲೆ ಎಡಕ್ಕ ಹೋಗ್ಲಿ ಬಲಕ್ಕ ಹೋಗ್ಲಿ, ಗಾಡಿ ಓಡಾಡೋ ಅರ್ಧ ರಸ್ತಾ ದಾಟೇ ದಾಟಬೇಕು. ಇದು ಗೊತ್ತಿದ್ದೂ ನಾ ಏನ ಮಾಡಿದೆ ಕೇಳ್ರಿ.

ನಮ್ಮ ನಾದಿನಿ ಮಗಳು ಬಾಣಂತಿ. ಆಕಿಗೆ ಅಂಟಿನ ಉಂಡಿ ಕಟ್ಟಿ ಕಳಸಬೇಕಂತ ಒಣಕೊಬ್ಬರಿ ಹೆರದು, ಉತ್ತತ್ತಿ ಕುಟ್ಟಿ, ಬೆಲ್ಲ ಕೆತ್ತಿ ಎಲ್ಲಾ ತಯಾರಿ ಮಾಡಿಕೊಂಡು ಕೂತೆ. ತುಪ್ಪ ಕಾಸಿ ಅಂಟು ಹುರೀಬೇಕಂತ ಡಬ್ಬಿ ತಗದ್ರ ತಳದಾಗ ನಾಕೇ ಹಳ್ಳು ಉಳದಿದ್ದು. ಗಡಿಯಾರ ನೋಡಿದೆ, ಆರೂ ಇಪ್ಪತ್ತು. ಮಗಳು ಬಸ್ಸಿನಿಂದ ಇಳಿಯೋ ಹೊತ್ತು. ಅಂಗಡಿ ಅಲ್ಲೇ ಬಾಜೂಕನ ಅದ. ಇದಕಿಂತ ಛಲೋ ಹೊತ್ತು ಇನ್ನೆಲ್ಲಿ ಸಿಗಬೇಕು ಅಂತ ಫೋನ ಹಚ್ಚಿದೆ.

"ಅವ್ವಾ, ಈಗ ಇಳದೀನಿ."

"ಬರೂಮುಂದ ಪಾವಕಿಲೋ ಅಂಟು ತಗೊಂಡು ಬಾ."

"ಅಂಟು ಅಂದ್ರ? ಡಿಂಕಾನ ಏನು? ಹೆಂಗಿರ್ತದ ಅದು?"

"ಉಂಡಿಗೆ ಹಾಕೂದವಾ. ಅಂಗಡಿಯವರು ಏನರ ಬ್ಯಾರೆ ಕೊಟ್ಟಾರು. ತಡಿ, ಫೋಟೋ ಕಳಸ್ತೀನಿ."

ಆ ನಾಕು ಹಳ್ಳು ಅಂಗೈಯಾಗ ಇಟಗೊಂಡು ಫೋಟೋ ತಗದು ಕಳಿಸಿದೆ. ಫೋನ ಇನ್ನೂ ಚಾಲೂನ ಇತ್ತು. ಆ ಕಡೆ ಗಾಡಿ ಸಪ್ಪಳ ಕೇಳಸ್ತಿತ್ತು. ಆದ್ರೂ ನಾ ಬಿಡಲಿಲ್ಲ. "ಬಂತೇನು? ನೋಡಿದಿ?" ಅಂತ ಎರಡು ಸಲ ಕೇಳಿದೆ.

"ತಡೀ ಅವ್ವಾ, ನೋಡ್ತೀನಿ…"

ಆಮ್ಯಾಲೆ ಒಂದು ಹಾರ್ನ. ಏನೋ ಬಿದ್ದ ಸಪ್ಪಳ. ಆಮ್ಯಾಲೆ ಮಂದಿ ಧ್ವನಿ, "ಏ ಏ, ಹಿಡೀರಿ, ಎತ್ತರಿ" ಅಂತ. ಫೋನ ಕಟ್ ಆಗಲಿಲ್ಲ. ಎಲ್ಲಾ ಕೇಳಸ್ಲಿಕತ್ತಿತ್ತು, ಆದ್ರ ಮಗಳ ಧ್ವನಿ ಒಂದ ಕೇಳವಲ್ದು. ನಾ ಅಡಗಿಮನ್ಯಾಗ ನಿಂತು "ಅವ್ವೀ, ಅವ್ವೀ" ಅಂತ ಒದರ್ಲಿಕತ್ತಿದ್ದೆ. ಒಲಿ ಮ್ಯಾಲೆ ತುಪ್ಪ ಕಾಸಿ ಹೊಗಿ ಬಿಡ್ಲಿಕತ್ತಿತ್ತು. ಒಂದು ನಿಮಿಷ ಆಗಿರಬೇಕು ಅಷ್ಟ. ಯಾರೋ ಒಬ್ಬರು ಫೋನ ಎತ್ತಿ, "ಅಮ್ಮಾರ, ಗಾಬರಿ ಆಗಬ್ಯಾಡ್ರಿ, ಜೀವಕ್ಕೇನೂ ಆಗಿಲ್ಲ, ಕೈಗೆ ಪೆಟ್ಟಾಗೇದ" ಅಂದ್ರು. ಆ ಪುಣ್ಯಾತ್ಮರು ಯಾರಂತ ಇವತ್ತಿಗೂ ಗೊತ್ತಿಲ್ಲ. ದೇವರು ಅವರನ್ನ ಛಂದ ಇಟ್ಟಿರಲಿ.

ಸ್ಕೂಟರ ಒಂದು ಬಂದು ಆಕಿ ಚೀಲಕ್ಕ ತಾಗಿ, ಆಕಿ ಬಲಗೈ ಊರಿ ಬಿದ್ದಿದ್ಲು. ಮುಂಗೈ ಎಲುಬು ಮುರದಿತ್ತು. ಆರು ವಾರ ಪ್ಲಾಸ್ಟರ. ಡಾಕ್ಟರು, "ತಲಿ ಬಡದಿದ್ರ ಕತೀನ ಬ್ಯಾರೆ ಆಗ್ತಿತ್ತು" ಅಂದಾಗ ನಾ ಕುರ್ಚಿ ಹಿಡಕೊಂಡು ಕೂತೆ.

ಆ ರಾತ್ರಿ ಎಲ್ಲಾರೂ ಮಗಳಿಗೇ ಬುದ್ಧಿ ಹೇಳಿದ್ರು. "ರಸ್ತಾ ದಾಟೂಮುಂದ ಯಾರರ ಫೋನ ನೋಡ್ತಾರೇನು?" ಅಂತ ಅವರಪ್ಪ, ಫೋನಿನ್ಯಾಗ ಅವರ ಕಾಕಾ, ನೋಡ್ಲಿಕ್ಕೆ ಬಂದ ಎದರಮನಿ ಕಾಕು, ಎಲ್ಲಾರೂ. ಆಕಿ ಒಂದು ಮಾತೂ ತಿರಗಿ ಆಡಲಿಲ್ಲ. "ಅವ್ವನ ಫೋಟೋ ಕಳಿಸಿದ್ಲು" ಅಂತ ಆಕಿ ಬಾಯಾಗ ಬರಲೇ ಇಲ್ಲ. ಅದು ನನ್ನ ಜೀವಕ್ಕ ಭಾಳ ಹತ್ತಿತು. ಬೈದಿದ್ರ ಸಮ ಆಗ್ತಿತ್ತು.

ನಿದ್ದಿ ಬರಲಿಲ್ಲ. ಎದ್ದು ಕೂತು ನನ್ನ ಫೋನಿನ್ಯಾಗ ಯಾರಿಗೆ ಯಾವಾಗ ಹಚ್ಚೀನಿ ಅಂತ ಹಿಂದಿಂದ ನೋಡಕೋತ ಹೋದೆ. ಎರಡು ವಾರದಾಗ ಮಗಳಿಗೆ ಮಾಡಿದ ಫೋನ ಮೂವತ್ತೊಂದು. ಅದರಾಗ ಇಪ್ಪತ್ತೆರಡು ಸಂಜಿ ಆರರಿಂದ ಏಳರ ನಡುವ. ಅಂದ್ರ ಆಕಿ ರಸ್ತಾದಾಗ ಇರೂ ಹೊತ್ತಿನ್ಯಾಗನ. "ಎಲ್ಲಿದ್ದೀ?" "ಬಸ್ಸು ಸಿಕ್ತೇನು?" "ಇಳದಿ?" "ಎಷ್ಟೊತ್ತಾಗ್ತದ, ಚಪಾತಿ ಹಚ್ಚಲೇನು?" ಒಂದೂ ತುರ್ತಿನ ಮಾತಲ್ಲ. ಚಪಾತಿ ಬಿಸಿ ಇರಲಿ ಅಂತ ನಾ ಕೇಳ್ತಿದ್ದೆ, ಆಕಿ ಗಾಡಿ ನಡುವ ನಿಂತು ಉತ್ತರಾ ಕೊಡ್ತಿದ್ಲು.

ಅಲ್ಲಿಗೆ ನನಗ ಒಂದು ಮಾತು ತಿಳೀತು. ನಡಕೋತ ಫೋನ ನೋಡೋ ಹುಡುಗೂರನ್ನ ನಾವು ಬೈತೀವಲ್ಲ, ಆ ಫೋನು ತನ್ನಷ್ಟಕ್ಕ ತಾನ ಬಾರಸಂಗಿಲ್ಲ. ಆ ಕಡೆ ಯಾರೋ ಒಬ್ಬರು ಇರ್ತಾರ. ಎಷ್ಟೋ ಸಲ ಅವರು ನಾವ ಇರ್ತೀವಿ. ಮನ್ಯಾಗ ಆರಾಮ ಕೂತ ಅವ್ವ, ಅಪ್ಪ, ಗಂಡ, ಹೆಂಡತಿ. ರೀಲು ನೋಡಕೋತ ಹೋಗೋರು ಇದ್ದಾರ, ಇಲ್ಲಂತ ಅಲ್ಲ. ಆದ್ರ ರೀಲು ನೋಡದಿದ್ರೂ ನಡೀತದ ಅಂತ ಅವರಿಗೂ ಗೊತ್ತಿರ್ತದ. ಅವ್ವನ ಫೋನ ಎತ್ತಲಿಲ್ಲಂದ್ರ ನಡ್ಯಂಗಿಲ್ಲ. ಎತ್ತಲಿಲ್ಲಂದ್ರ ಆಕಿ ಐದು ಸಲ ಹಚ್ಚತಾಳ, ಆಮ್ಯಾಲೆ ಸಿಟ್ಟ ಮಾಡ್ತಾಳ. ಹಿಂಗಾಗಿ ಎಲ್ಲೇ ಇರ್ಲಿ ಎತ್ತತಾರ.

"ಮಾತಾಡಕೋತ ನಡದ್ರ ಏನಾಗ್ತದ? ನಾವೂ ಸಣ್ಣವರಿದ್ದಾಗ ಗೆಳತ್ಯಾರ ಜೋಡಿ ಹರಟಿ ಹೊಡಕೋತ ಸಾಲಿಗೆ ಹೋಗ್ತಿದ್ದಿಲ್ಲೇನು?" ಅಂತ ನಮ್ಮ ವೈನಿ ಕೇಳಿದ್ರು. ಛಲೋ ಪ್ರಶ್ನೆ. ನಮ್ಮಜ್ಜಿ ತಲಿ ಮ್ಯಾಲೆ ಒಂದು ಕೊಡ, ಟೊಂಕದ ಮ್ಯಾಲೆ ಒಂದು ಕೊಡ ಇಟಗೊಂಡು ಕೆರಿಯಿಂದ ಮನಿ ತನಕ ಊರ ಸುದ್ದಿ ಎಲ್ಲಾ ಮಾತಾಡಕೋತ ಬರ್ತಿದ್ಲು. ಒಂದು ದಿನಾನೂ ಎಡವಿದಾಕಿ ಅಲ್ಲ. ಹಂಗಾದ್ರ ಫೋನಿನ್ಯಾಗ ಮಾತಾಡೂದು ಯಾಕ ಬ್ಯಾರೆ?

ಇದಕ್ಕ ಉತ್ತರಾ ನನ್ನ ಮಗಳ ಹುಡುಕಿ ಓದಿ ಹೇಳಿದ್ಲು, ಪ್ಲಾಸ್ಟರ ಹಾಕ್ಕೊಂಡು ಮನ್ಯಾಗ ಕೂತಾಗ. ಅಮೆರಿಕಾದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಾಗ ಹದಿನೈದು ವರ್ಷಕ್ಕೂ ಹಿಂದ ಒಂದು ಪರೀಕ್ಷಾ ಮಾಡಿದ್ರಂತ. ಐರಾ ಹೈಮನ್ ಅನ್ನೋ ಮನಶ್ಶಾಸ್ತ್ರದ ಪ್ರೊಫೆಸರು ಮತ್ತ ಅವರ ವಿದ್ಯಾರ್ಥಿಗಳು. ಕಾಲೇಜ ಅಂಗಳದಾಗ ಒಬ್ಬ ಬಣ್ಣಬಣ್ಣದ ಬಟ್ಟಿ ಹಾಕ್ಕೊಂಡ ಜೋಕರನ್ನ ಒಂದೇ ಗಾಲಿ ಸೈಕಲ್ ಮ್ಯಾಲೆ ತಿರಗಲಿಕ್ಕೆ ಬಿಟ್ಟು, ದಾಟಿ ಹೋದ ಮಂದಿನ್ನ ನಿಂದರಿಸಿ "ಜೋಕರನ್ನ ನೋಡಿದ್ರೇನು?" ಅಂತ ಕೇಳಿದ್ರು. ಒಬ್ಬರ ನಡಕೊಂಡು ಬಂದವರೊಳಗ ನೂರಕ್ಕ 51 ಮಂದಿ ನೋಡಿದ್ರು. ಇಬ್ಬರು ಕೂಡಿ ಮಾತಾಡಕೋತ ಬಂದವರೊಳಗ 71 ಮಂದಿ. ಫೋನಿನ್ಯಾಗ ಮಾತಾಡಕೋತ ಬಂದವರೊಳಗ ಬರೇ 25. ಕಣ್ಣ ಮುಂದನ ಜೋಕರ ಸೈಕಲ್ ಹೊಡದ್ರೂ ನಾಕು ಮಂದ್ಯಾಗ ಮೂರು ಮಂದಿಗೆ ಕಂಡಿಲ್ಲ! ಮತ್ತ ನೆನಪಿಡ್ರಿ, ಇವರು ಪರದೆ ನೋಡ್ತಿದ್ದವರಲ್ಲ, ಕಿವಿಗೆ ಹಚ್ಚಿ ಮಾತಾಡ್ತಿದ್ದವರು. ಕಣ್ಣು ತೆರದ ಇತ್ತು, ಮನಸ್ಸು ಅಲ್ಲಿರಲಿಲ್ಲ ಅಷ್ಟ.

ಇದನ್ನ ಕೇಳಿದ ಮ್ಯಾಲೆ ಅಜ್ಜಿ ಕೊಡದ ಗುಟ್ಟು ನನಗ ಹೊಳೀತು. ಬಾಜೂಕ ನಡ್ಯೋ ಗೆಳತಿ ಕಣ್ಣೂ ಅದ ಹಾದಿ ಮ್ಯಾಲೆ ಇರ್ತದ. ಕಲ್ಲು ಬಂದ್ರ "ತಡಿ" ಅಂತಾಳ, ಎತ್ತು ಬಂದ್ರ ಮಾತು ನಿಲ್ಲಸ್ತಾಳ, ಕೈ ಹಿಡದು ಜಗ್ಗತಾಳ. ಫೋನಿನ ಆ ಕಡೆ ಇರೋ ನನಗ ಮಗಳ ಮುಂದ ಸ್ಕೂಟರ ಬರ್ಲಿಕತ್ತಿದ್ದು ಕಾಣ್ತದೇನು? ಇಲ್ಲ. ನನ್ನ ಮುಂದ ಇದ್ದದ್ದು ಅಂಟಿನ ಡಬ್ಬಿ. ಹಿಂಗಾಗಿ ನಾ "ನೋಡಿದಿ? ನೋಡಿದಿ?" ಅಂತ ಕೇಳಕೋತನ ಇದ್ದೆ.

ಲೆಕ್ಕಾನೂ ಹಾಕಿ ನೋಡಿದೆ. ಗಾಡಿ ತಾಸಿಗೆ 40 ಕಿ.ಮೀ. ವೇಗದಾಗ ಬರ್ಲಿಕತ್ತಿದ್ರ ಸೆಕೆಂಡಿಗೆ 11 ಮೀಟರ ದಾಟ್ತದ. ಒಂದು ಫೋಟೋ ತಗದು ನೋಡ್ಲಿಕ್ಕೆ ಏನಿಲ್ಲಂದ್ರೂ ಮೂರು ಸೆಕೆಂಡ ಬೇಕು. ಅಷ್ಟರಾಗ ಗಾಡಿ 33 ಮೀಟರ ಮುಂದ ಬಂದಿರ್ತದ. ನೀವು ತಲಿ ಬಗ್ಗಸೂಮುಂದ ಎಲ್ಲೋ ದೂರ ಇದ್ದದ್ದು, ತಲಿ ಎತ್ತೂದ್ರಾಗ ನಿಮ್ಮ ಸೆರಗಿಗೆ ಬಂದಿರ್ತದ. ಈಗ ಕರೆಂಟಿನ ಗಾಡಿ ಬ್ಯಾರೆ ಬಂದಾವ, ಸಪ್ಪಳಾನೂ ಇಲ್ಲ. ಕಿವ್ಯಾಗ ಬೊಂಡಿ ಇಟಗೊಂಡವರಿಗಂತೂ ಹಾರ್ನೂ ಕೇಳಸಂಗಿಲ್ಲ.

ಹಂಗಂತ ಎಲ್ಲಾ ತಪ್ಪೂ ನಡಿಯೋರದ ಅಂತ ನಾ ಹೇಳಾಕಿ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿ ಪ್ರಕಾರ 2022ರಾಗ ನಮ್ಮ ದೇಶದಾಗ ರಸ್ತಾ ಅಪಘಾತದಾಗ ತೀರಿಕೊಂಡವರು 1,68,491 ಮಂದಿ. ಅವರೊಳಗ 32,825 ಮಂದಿ ಕಾಲಿನ ಮ್ಯಾಲೆ ನಡಕೊಂಡು ಹೊಂಟವರು. ಅಂದ್ರ ದಿನಕ್ಕ ತೊಂಬತ್ತು ಮನಿಯೊಳಗ ಒಬ್ಬರು ತಿರಗಿ ಬರಲಿಲ್ಲ. ಇವರೆಲ್ಲಾ ಫೋನ ನೋಡಕೋತ ಹೊಂಟವರೇನಲ್ಲ. ಫುಟಪಾತ ಇದ್ದಲ್ಲಿ ಗಾಡಿ ನಿಲ್ಲಸಿರ್ತಾರ, ಇಲ್ಲಾ ಹಾಸಗಲ್ಲು ಕಿತ್ತಿರ್ತಾವ, ಇಲ್ಲಾ ಇಟ್ಟಂಗಿ ಉಸುಕು ಸುರುವಿರ್ತಾರ. ನಡ್ಯೋರು ರಸ್ತಾಕ್ಕ ಇಳಿಯದ ಎಲ್ಲಿ ಹೋಗಬೇಕು? ಗಾಡಿ ಹೊಡಿಯೋರೂ ಹೆಗಲಿಗೆ ಫೋನ ಒತ್ತಿಕೊಂಡು ಕತ್ತು ಸೊಟ್ಟ ಮಾಡಿಕೊಂಡು ಹೋಗ್ತಾರ. 2019ರಾಗ ಕಾಯ್ದೆ ತಿದ್ದಿದ ಮ್ಯಾಲೆ ಗಾಡಿ ನಡಸೂಮುಂದ ಕೈಯಾಗ ಫೋನ ಹಿಡದ್ರ 5000 ರೂಪಾಯಿ ತನಕ ದಂಡ ಹಾಕಬಹುದು, ಜೈಲೂ ಆಗಬಹುದು. ಆದ್ರೂ ಬಿಟ್ಟಾರೇನು? ಗಾಡಿಯವರ ತಪ್ಪು ದೊಡ್ಡದು ಅಂತ ನಾನೂ ಒಪ್ಪತೀನಿ. ಆದ್ರ ಬಡಿಸಿಕೊಳ್ಳೂ ಮೈ ನಮ್ಮದು. ತಪ್ಪು ಯಾರದರ ಇರ್ಲಿ, ಎಲುಬು ನಮ್ಮ ಹುಡುಗೂರದ ಮುರೀತದ.

ಬ್ಯಾರೆ ದೇಶದಾಗ ನಡಿಯೋರಿಗೂ ಕಾಯ್ದೆ ಮಾಡ್ಯಾರಂತ. ಅಮೆರಿಕಾದ ಹೊನೊಲುಲು ಊರಾಗ 2017ರಿಂದ ರಸ್ತಾ ದಾಟೂಮುಂದ ಫೋನ ನೋಡಿದ್ರ ದಂಡ. ಜಪಾನಿನ ಯಮಾಟೊ ಊರಾಗ 2020ರಾಗ ನಡಕೋತ ಫೋನ ನೋಡಬಾರದು ಅಂತ ನಿಯಮ ಮಾಡಿದ್ರು, ದಂಡ ಇಲ್ಲ. ಚೀನಾದ ಚಾಂಗ್‌ಚಿಂಗ್‌ದಾಗ 2014ರಾಗ ಫೋನ ನೋಡೋರಿಗೆ ಅಂತನ ಫುಟಪಾತ ಮ್ಯಾಲೆ ಬ್ಯಾರೆ ಪಟ್ಟಿ ಬರದಿದ್ರು, ಮಂದಿ ಆ ಪಟ್ಟಿದ್ದ ಫೋಟೋ ತಗೀಲಿಕ್ಕೆ ನಿಂತ್ರಂತ! ನಮ್ಮಲ್ಲಿ ಹೆಲ್ಮೆಟ ಹಾಕ್ಕೋ ಅಂದ್ರನ ಪೊಲೀಸರು ಕಂಡಾಗ ಅಷ್ಟ ಹಾಕ್ಕೋತಾರ. ನಡಿಯೋರಿಗೆ ಯಾರು ದಂಡ ಹಾಕೋರು, ಯಾರು ಕೊಡೋರು? ಇದು ಪೊಲೀಸರ ಕೈಯಾಗ ಇರೂ ಕೆಲಸ ಅಲ್ಲ. ಅಡಗಿಮನಿ ಕಟ್ಟಿ ಮ್ಯಾಲೆ ಇಟ್ಟ ಫೋನು ಯಾರ ಕೈಯಾಗ ಇರ್ತದೋ ಅವರ ಕೈಯಾಗ ಅದ.

ಒಂದು ಮಾತಿಗೆ ಮಾತ್ರ ನಾ ಭಾಳ ವಿಚಾರ ಮಾಡಬೇಕಾತು. ನಮ್ಮ ವೈನಿ ಹೇಳಿದ್ದು, "ಹೆಣ್ಣುಹುಡುಗಿ, ಕತ್ತಲಾಗ ಒಬ್ಬಾಕಿನ ಬರ್ತಾಳ. ಫೋನಿನ್ಯಾಗ ಮಾತಾಡಕೋತ ಬಂದ್ರ ಧೈರ್ಯ ಇರ್ತದ. ಅದನ್ನೂ ಬ್ಯಾಡ ಅಂದ್ರ ಹೆಂಗ?" ಖರೇನ. ನಾನ ಮಗಳಿಗೆ ಹಂಗ ಕಲಿಸಿದ್ದೆ, "ಸಂಜಿ ಆತಂದ್ರ ಫೋನಿನ್ಯಾಗ ಮಾತಾಡಕೋತನ ಬಾ" ಅಂತ. ಯಾರರ ಹಿಂದ ಬಿದ್ರ ಫೋನಿನ್ಯಾಗ ಅವ್ವ ಇದ್ದಾಳ ಅಂತ ತಿಳೀಲಿ ಅನ್ನೋ ಆಶಾ. ಈ ಅಂಜಿಕಿ ಸುಳ್ಳಲ್ಲ, ಅದನ್ನ ಹಾಸ್ಯಾ ಮಾಡಬಾರದು.

ಆದ್ರ ಈಗ ಅನಸ್ತದ, ಹಿಂದ ಬರೋ ಅಪಾಯ ತಿಳೀಬೇಕಂದ್ರೂ ಕಿವಿ ಖಾಲಿ ಇರಬೇಕು, ಕಣ್ಣು ಮ್ಯಾಲಿರಬೇಕು. ಮಾತಿನ್ಯಾಗ ಮುಳುಗಿದಾಕಿಗೆ ಹಿಂದ ಬರೋವನ ಕಾಲ ಸಪ್ಪಳ ಕೇಳಸಂಗಿಲ್ಲ. ಅದಕ್ಕ ಬ್ಯಾರೆ ಹಾದಿ ಹುಡುಕಿವಿ. ವಾಟ್ಸಾಪಿನ್ಯಾಗ ಲೈವ್ ಲೊಕೇಶನ್ ಅಂತ ಅದ, ಒಂದು ತಾಸಿಗೆ ಅಂತ ಹಚ್ಚಿ ಕಳಿಸಿದ್ರ ಆಕಿ ಎಲ್ಲಿ ಹೊಂಟಾಳ ಅಂತ ನನ್ನ ಫೋನಿನ್ಯಾಗ ಕಾಣ್ತದ. "ಎಲ್ಲಿದ್ದೀ?" ಅಂತ ಕೇಳೂದ ಬ್ಯಾಡ. ಆಫೀಸಿನ್ಯಾಗ ಕೂತಾಗನ ಆಕಿ ಅದನ್ನ ಹಚ್ಚಿ, ಫೋನ ಚೀಲದಾಗ ಹಾಕಿ ಹೊಂಡತಾಳ. ಭಾಳ ಹೊತ್ತಾದ್ರ ಅವರಪ್ಪ ನಿಲ್ದಾಣದ ತನಕ ಹೋಗಿ ನಿಂದರ್ತಾರ. ಅಂಜಿಕಿ ಇದ್ರ ಕಾಲು ನಡಸಬೇಕು, ಬರೇ ಬಾಯಿ ನಡಸಿದ್ರ ಏನ ಆಗ್ತದ?

ಉಳದದ್ದು ಎಲ್ಲಾ ಸಣ್ಣ ಸಣ್ಣ ಕೆಲಸ. ಬೇಕಾದ ಸಾಮಾನು ಮುಂಜಾನೆನ ಒಂದು ಚೀಟಿಯೊಳಗ ಬರದು ಡಬ್ಬಿ ಚೀಲದಾಗ ಹಾಕ್ತೀನಿ. ಮರತ್ರ ಮರತಂಗ, ನಾಳೆ ತಂದ್ರಾತು. ಆರರಿಂದ ಏಳರ ತನಕ ಆಕಿಗೆ ಫೋನ ಹಚ್ಚಂಗಿಲ್ಲ. ಯಾರಿಗೇ ಹಚ್ಚಿದ್ರೂ "ಎಲ್ಲಿದ್ದೀ?" ಅನ್ನಂಗಿಲ್ಲ, "ರಸ್ತಾದಾಗ ಇದ್ದೀಯೇನು?" ಅಂತೀನಿ. ಹೂಂ ಅಂದ್ರ, "ಆಮ್ಯಾಲೆ ಮಾತಾಡೂಣು" ಅಂತ ಇಟ್ಟ ಬಿಡ್ತೀನಿ. ಎತ್ತಲಿಲ್ಲಂದ್ರ ಒಂದ ಸಲಕ್ಕ ಸುಮ್ಮನಾಗ್ತೀನಿ. ನಡಕೋತ ಇದ್ದಾಗ ನನಗ ಯಾರರ ಹಚ್ಚಿದ್ರ ರಸ್ತಾ ಬಿಟ್ಟು ಯಾರದರ ಮನಿ ಕಟ್ಟಿಗೆ ಒರಗಿ ನಿಂತು ಮಾತಾಡ್ತೀನಿ. ಪುಣೆದಾಗಿನ ಮೊಮ್ಮಗ ವಿಡಿಯೋದಾಗ "ಅಜ್ಜೀ, ಆಕಳ ತೋರಸು" ಅಂದ್ರ ಮೊದಲೆಲ್ಲಾ ನಡಕೋತನ ತೋರಸ್ತಿದ್ದೆ. ಈಗ ಆಕಳ ಮುಂದ ನಿಂತ ತೋರಸ್ತೀನಿ.

ಇದೇನು ದೊಡ್ಡ ಸಾಧನಾ ಅಲ್ಲ. ಮೊದಲನೇ ವಾರ ಕೈ ತಡಿಯೂದು ಭಾಳ ಕಷ್ಟ ಆತು. ಒಂದಿವ್ಸ ಆರೂವರಿಗೆ ಫೋನ ಕೈಯಾಗ ಹಿಡದು ಆಕಿ ಹೆಸರ ಮ್ಯಾಲೆ ಬಟ್ಟು ಇಡೂದ್ರಾಗ ಇದ್ದೆ, ಆ ಹಾರ್ನ ಸಪ್ಪಳ ನೆನಪಾಗಿ ಫೋನ ಅಕ್ಕಿ ಡಬ್ಬಿಯೊಳಗ ಇಟ್ಟು ಮುಚ್ಚಿದೆ. ನಮ್ಮನಿಯವರು ನೋಡಿ ನಕ್ರು. ನಗಲಿ.

ನಮ್ಮ ಹುಡುಗೂರಿಗೆ "ಫೋನ ನೋಡಕೋತ ನಡೀಬ್ಯಾಡ" ಅಂತ ಹೇಳೂದು ಬಿಡಬಾರದು. ಹೇಳಲೇಬೇಕು. ಆದ್ರ ಅದಕ್ಕೂ ಮೊದಲ, ನಡಿಯೋರಿಗೆ ಫೋನ ಹಚ್ಚೂದು ನಾವು ಬಿಡಬೇಕು. ಹೇಳಿದ್ದು ಅವರು ಕೇಳತಾರೋ ಬಿಡತಾರೋ ಗೊತ್ತಿಲ್ಲ, ಹಚ್ಚೂದು ಬಿಡೂದಂತೂ ನಮ್ಮ ಕೈಯಾಗ ಅದ. ಇವತ್ತ ರಾತ್ರಿ ನೀವೂ ಒಂದು ಸಲ ನಿಮ್ಮ ಫೋನ ತಗದು ಲೆಕ್ಕಾ ಹಾಕಿ ನೋಡ್ರಿ, ಮನಿಯವರು ರಸ್ತಾದಾಗ ಇದ್ದಾಗ ನೀವು ಎಷ್ಟು ಸಲ ಹಚ್ಚೀರಿ ಅಂತ.

ಮಗಳ ಪ್ಲಾಸ್ಟರ ಬಿಚ್ಚಿ ತಿಂಗಳಾತು. ಕೈ ಪೂರ್ತಿ ತಿರಗಲಿಕ್ಕೆ ಇನ್ನೂ ಸ್ವಲ್ಪ ದಿನಾ ಬೇಕಂತ, ಚಪಾತಿ ಹಿಟ್ಟು ನಾದಲಿಕ್ಕೆ ಇನ್ನೂ ಆಗಂಗಿಲ್ಲ. ಅಂಟು ನಾನ ಸೂಪರ ಮಾರ್ಕೆಟಿಗೆ ಹೋಗಿ ತಂದೆ. ಬಾಣಂತಿಗೆ ಉಂಡಿ ತಡಾ ಆಗಿ ಮುಟ್ಟಿದ್ವು, ಆದ್ರ ಮುಟ್ಟಿದ್ವು. ಈಗ ಸಂಜಿ ಆರೂ ಇಪ್ಪತ್ತಕ್ಕ ನಾ ಫೋನ ಬಿಟ್ಟು ಕಟ್ಟಿ ಮ್ಯಾಲೆ ಹೋಗಿ ಕೂಡ್ತೀನಿ. ಓಣಿ ತುದಿಗೆ ಆಕಿ ಕಂಡಾಗ ತಲಿ ಎತ್ತಿಕೊಂಡು ಬರ್ತಿರ್ತಾಳ. ದೂರದಿಂದನ ಮಾರಿ ಕಾಣ್ತದ. ಚಪಾತಿ ಅವಾಗ ಹಚ್ಚಿದ್ರೂ ಬಿಸೀನ ಇರ್ತಾವ.